ಎರವಲು ಮಾತು, ಮನೆ ಮಾತು

ನಮ್ಮ ಸಂಘದ ಕಿರಿಯ ಮಿತ್ರರೇ,

ಕೆಲವು ವರ್ಷಗಳ ಹಿಂದೆ ಎಗ್ಮೋರಿನ ಸಭಾಂಗಣವೊಂದರಲ್ಲಿ ನಮ್ಮ ರಾಜ್ಯೋತ್ಸವ ನಡೆದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅಂದು ನಿಮಗಾಗಿ ಒಂದು ಸ್ಪರ್ಧೆ ಇಟ್ಟಿದ್ದೆವು. ಒಂದೂ ಇಂಗ್ಲಿಷ್ ಪದ ಬಳಸದೆ ಎರಡು ನಿಮಿಷ ಕನ್ನಡದಲ್ಲಿ ಮಾತನಾಡಬೇಕು. ಇಂಗ್ಲಿಷ್ ಪದ ನುಸುಳಿದರೆ ಗಂಟೆ ಬಾರಿಸಲಾಗುವುದು, ಸ್ಪರ್ಧಿ ವೇದಿಕೆ ಇಳಿಯಬೇಕು. ಗಂಟೆಯ ಮುಂದೆ ಕುಳಿತವಳು ನಾನೇ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರು, ಇಂಗ್ಲಿಷ್ ಪದ ಹಿಡಿಯಲು ಇವರೇ ಸರಿ ಎಂದು ಕಾರ್ಯದರ್ಶಿಗಳು ಆ ಕೆಲಸವನ್ನು ನನಗೆ ಒಪ್ಪಿಸಿದ್ದರು.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಂದಳು. "ನಾನು ದಿನಾ ಬಸ್ಸಿನಲ್ಲಿ..." ಎಂದಳು. ಟಣ್! ಸಭೆ ನಕ್ಕಿತು. ಚಿಕ್ಕವಳೆಂದು ಇನ್ನೊಂದು ಅವಕಾಶ ಕೊಟ್ಟೆವು. "ನಮ್ಮ ಅಜ್ಜಿಗೆ ಕಾಫಿ ಅಂದ್ರೆ..." ಟಣ್! ಮತ್ತೆ ನಗು. ಅವಳೂ ನಕ್ಕಳು, ಆದರೆ ಕಣ್ಣು ತುಂಬಿತ್ತು. ಮುಂದಿನ ವರ್ಷ ಅವಳು ವೇದಿಕೆಗೆ ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ.

ಕನ್ನಡ ಮಾತನಾಡಬೇಕೆಂದು ಎದ್ದು ಬಂದ ಮಗುವನ್ನು ಕನ್ನಡದ ಹೆಸರಿನಲ್ಲೇ ಕೆಳಗಿಳಿಸಿದೆನಲ್ಲ, ಈ ವಿಚಾರ ನನ್ನನ್ನು ಬಹಳ ದಿನ ಕಾಡಿತು. ಕಾಲೇಜಿನ ದಿನಗಳ ಓದನ್ನು ಮತ್ತೆ ಕೈಗೆತ್ತಿಕೊಂಡೆ. ಭಾಷೆಗಳು ಒಂದರಿಂದ ಒಂದು ಪದ ಕಡ ಪಡೆಯುವುದು ಹೇಗೆ, ಭಾಷೆ ಒಂದು ಮನೆಯಿಂದ ಮರೆಯಾಗುವುದು ಹೇಗೆ ಎಂಬ ಬಗ್ಗೆ ತಿಳಿದವರು ಬರೆದದ್ದನ್ನು ಓದಿದೆ. ಅದರಲ್ಲಿ ನನಗೆ ದಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಡ ತಂದದ್ದು ಯಾವುದು, ಸ್ವಂತದ್ದು ಯಾವುದು?

ಅಂದು ನಾನು ಕುಳಿತಿದ್ದ ಕುರ್ಚಿಯನ್ನೇ ತೆಗೆದುಕೊಳ್ಳಿ. ಕುರ್ಚಿ ಎಂಬ ಪದ ಅರಬ್ಬಿಯದು. ಸಭಾಂಗಣಕ್ಕೆ ನಾವು ಬಂದ ರಸ್ತೆ ಪಾರ್ಸಿಯದು. ಸ್ಪರ್ಧಿಗಳ ಹೆಸರು ಬರೆದುಕೊಂಡ ಕಾಗದವೂ ಪಾರ್ಸಿಯದೇ. ಬಹುಮಾನಗಳನ್ನು ಇಟ್ಟಿದ್ದ ಅಲಮಾರು ಪೋರ್ಚುಗೀಸರದು, ಅದರ ಚಾವಿಯೂ ಅವರದೇ. 'ಸ್ಪರ್ಧೆ', 'ವೇದಿಕೆ', 'ಬಹುಮಾನ', ಕೊನೆಗೆ ನಾನು ಬಾರಿಸಿದ 'ಗಂಟೆ' ಕೂಡ ಸಂಸ್ಕೃತದಿಂದ ಬಂದವು. ಎಲ್ಲದಕ್ಕೂ ಗಂಟೆ ಬಾರಿಸಿದ್ದರೆ ಮೊದಲು ಎದ್ದು ಹೋಗಬೇಕಾದವಳು ನಾನೇ ಆಗಿದ್ದೆ!

ಇದು ಇಂದು ನಿನ್ನೆಯ ವಿಷಯವಲ್ಲ. ನಮ್ಮ ವೈಯಾಕರಣರು ಕನ್ನಡದ ಪದಗಳನ್ನು ದೇಶ್ಯ, ತತ್ಸಮ, ತದ್ಭವ, ಅನ್ಯದೇಶ್ಯ ಎಂದು ವಿಂಗಡಿಸುತ್ತಾರೆ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ಸಂಸ್ಕೃತದ ಪದಗಳು ಕನ್ನಡಕ್ಕೆ ಬರುವಾಗ ಹೇಗೆ ರೂಪ ಬದಲಾಯಿಸಿಕೊಳ್ಳುತ್ತವೆ ಎಂಬುದಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಆಕಾಶ ಆಗಸವಾಯಿತು, ವನ ಬನವಾಯಿತು, ಕಾರ್ಯ ಕಜ್ಜವಾಯಿತು. ಸಂಸ್ಕೃತದ ನೇರ ಪದಗಳಿಲ್ಲದೆ ಕಾವ್ಯ ಬರೆಯುತ್ತೇನೆಂದು ಹೊರಟು 'ಕಬ್ಬಿಗರ ಕಾವ' ಬರೆದ ಆಂಡಯ್ಯನೂ ತದ್ಭವಗಳನ್ನು ಬಿಡಲಿಲ್ಲ. ನಾವಿರುವ ತಮಿಳುನಾಡಿನಲ್ಲಿ 1916ರಲ್ಲಿ ಮರೈಮಲೈ ಅಡಿಗಳು 'ತನಿತ್ತಮಿಳ್' ಎಂಬ ಶುದ್ಧ ತಮಿಳಿನ ಚಳವಳಿ ಆರಂಭಿಸಿದರು. ಅದರಿಂದ ಅನೇಕ ಒಳ್ಳೆಯ ಹೊಸ ಪದಗಳು ಬಂದವು, ನಿಜ. ಆದರೂ ನಿಮ್ಮ ತಮಿಳು ಸ್ನೇಹಿತರ ಮನೆಯಲ್ಲಿ ಇಂದಿಗೂ ಕಿಟಕಿಗೆ 'ಜನ್ನಲ್', ಬೀಗದ ಕೈಗೆ 'ಸಾವಿ' ಎನ್ನುವುದನ್ನು ಕೇಳುತ್ತೀರಿ. ಎರಡೂ ಪೋರ್ಚುಗೀಸರ ಕಡ.

ಕಡ ಪಡೆದವರು ನಾವು ಮಾತ್ರವೂ ಅಲ್ಲ. ತಮಿಳಿನ ಕಟ್ಟುಮರ ಇಂಗ್ಲಿಷಿನ ಕ್ಯಾಟಮರಾನ್ ಆಯಿತು. ಮಲಯಾಳದ ಅಡಕ್ಕ, ನಮ್ಮ ಅಡಿಕೆ ಇವುಗಳ ಕುಟುಂಬದ ಪದವೇ ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋಗಿ 'ಅರೆಕ' ಎನಿಸಿತು. ಇಂತಹ ಪದಗಳನ್ನೆಲ್ಲ ಕಲೆಹಾಕಿ ಯೂಲ್ ಮತ್ತು ಬರ್ನೆಲ್ ಎಂಬುವರು ಮಾಡಿದ 'ಹಾಬ್ಸನ್-ಜಾಬ್ಸನ್' ಎಂಬ ದಪ್ಪನೆಯ ಕೋಶ 1886ರಲ್ಲಿ ಹೊರಬಂತು. ಬರ್ನೆಲ್ ಮದರಾಸು ಪ್ರಾಂತದಲ್ಲೇ ಅಧಿಕಾರಿಯಾಗಿದ್ದವರು. ಅಷ್ಟೆಲ್ಲ ಕಡ ತಂದ ಇಂಗ್ಲಿಷ್ ಬಡವಾಯಿತೇನು?

ಕನ್ನಡದ ಮುದ್ರೆ

ಪದ ಎಲ್ಲಿಂದ ಬಂತು ಎನ್ನುವುದಕ್ಕಿಂತ, ಬಂದ ಮೇಲೆ ಕನ್ನಡ ಅದನ್ನು ಏನು ಮಾಡಿತು ಎನ್ನುವುದು ಸ್ವಾರಸ್ಯದ ಸಂಗತಿ. ಹಳೆಗನ್ನಡದ ಕಣ್, ಮಣ್ ಎಂಬ ಪದಗಳು ಈಗ ಕಣ್ಣು, ಮಣ್ಣು. ಕಾಲ್, ನೂಲ್ ಎಂಬವು ಕಾಲು, ನೂಲು. ಗಮನಿಸಿದಿರಾ? ಸ್ವರ ಹ್ರಸ್ವವಾಗಿದ್ದರೆ ಕೊನೆಯ ವ್ಯಂಜನ ಇಮ್ಮಡಿಯಾಗುತ್ತದೆ, ದೀರ್ಘವಾಗಿದ್ದರೆ ಇಲ್ಲ. ಈಗ ಇಂಗ್ಲಿಷಿನಿಂದ ಬಂದವನ್ನು ನೋಡಿ. ಬಸ್ ಬಸ್ಸಾಯಿತು, ಪೆನ್ ಪೆನ್ನಾಯಿತು. ಆದರೆ ಕಾರ್ ಕಾರು, ಸೂಟ್ ಸೂಟು. ನಮ್ಮ ಅಜ್ಜಿಯಂದಿರಿಗೆ ಈ ನಿಯಮವನ್ನು ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ಭಾಷೆ ಒಳಗಿತ್ತು, ಅದೇ ಮುದ್ರೆ ಒತ್ತಿ ಒಳಗೆ ಬಿಟ್ಟುಕೊಂಡಿತು. ಹಾಸ್ಪಿಟಲ್ ಎಂಬುದಂತೂ ಆಸ್ಪತ್ರೆಯಾಗಿ ಗುರುತೇ ಸಿಗದಂತಾಯಿತು.

ಕ್ರಿಯಾಪದಗಳಿಗೂ ಹೀಗೆಯೇ ಒಂದು ಬಾಗಿಲಿದೆ. ಸಂಸ್ಕೃತದ ಪದಕ್ಕೆ 'ಮಾಡು' ಸೇರಿಸಿ ಸ್ನಾನ ಮಾಡು, ಪೂಜೆ ಮಾಡು ಎಂದೆವು. ಅದೇ ಬಾಗಿಲಿನಿಂದ ಫೋನ್ ಮಾಡು, ಅಡ್ಜಸ್ಟ್ ಮಾಡು ಬಂದವು. ನಿಮ್ಮ ತಮಿಳು ಗೆಳೆಯರು 'ಪಣ್ಣು' ಸೇರಿಸುವುದೂ ಇದೇ ಉಪಾಯ. ಅಮೆರಿಕದಲ್ಲಿ ನೆಲೆಸಿ ಕನ್ನಡದ ವ್ಯಾಕರಣ ಬರೆದ ಭಾಷಾವಿಜ್ಞಾನಿ ಎಸ್. ಎನ್. ಶ್ರೀಧರ್ ಅವರು ಕನ್ನಡಿಗರು ಮಾತಿನ ನಡುವೆ ಇಂಗ್ಲಿಷ್ ಬೆರೆಸುವುದನ್ನು ಕುರಿತು 1978ರಷ್ಟು ಹಿಂದೆಯೇ ಪ್ರಬಂಧ ಪ್ರಕಟಿಸಿದರು. ಬೆರಕೆ ಮಾತು ಕೇವಲ ಸೋಮಾರಿತನ ಎಂದು ತಳ್ಳಿಹಾಕುವಂಥದ್ದಲ್ಲ, ಅದಕ್ಕೂ ಅದರದೇ ಕೆಲಸಗಳಿವೆ, ನಿಯಮಗಳಿವೆ ಎಂದು ವಿದ್ವಾಂಸರು ಒಪ್ಪಿಕೊಂಡು ದಶಕಗಳೇ ಆದವು.

ನಮ್ಮ ಎಗ್ಮೋರನ್ನೇ ನೋಡಿ. ತಮಿಳರ ಎಳುಂಬೂರು ಇಂಗ್ಲಿಷರ ಬಾಯಲ್ಲಿ ಎಗ್ಮೋರ್ ಆಯಿತು. ನಾವು "ಎಗ್ಮೋರಿಗೆ ಹೋಗಿ ಬಂದೆ" ಎನ್ನುತ್ತೇವೆ. ತಮಿಳಿನ ಹೆಸರು, ಇಂಗ್ಲಿಷಿನ ಉಚ್ಚಾರ, ಕನ್ನಡದ ವಿಭಕ್ತಿ. ಒಂದೇ ಪದದಲ್ಲಿ ಮೂರು ಭಾಷೆಗಳು ಜಗಳವಿಲ್ಲದೆ ಕುಳಿತಿವೆ.

ಇನ್ನೊಂದು ಮಾತು. ಪಾಲ್-ಹಾಲು, ಪಲ್-ಹಲ್ಲು, ಪುಲಿ-ಹುಲಿ ಇವನ್ನು ಕೇಳಿ "ಆಂಟಿ, ಕನ್ನಡ ತಮಿಳಿನಿಂದ ಕಾಪಿ ಹೊಡೆದಿದೆಯಾ?" ಎಂದು ನಿಮ್ಮಲ್ಲೊಬ್ಬ ನನ್ನನ್ನು ಕೇಳಿದ್ದುಂಟು. ಇಲ್ಲಪ್ಪ. ಇವು ಕಡ ತಂದ ಪದಗಳಲ್ಲ, ಒಡಹುಟ್ಟಿದ ಪದಗಳು. ಹಳಗನ್ನಡದಲ್ಲಿ ನಾವೂ ಪಾಲ್, ಪುಲಿ ಎಂದೇ ಅನ್ನುತ್ತಿದ್ದೆವು, ಆಮೇಲೆ ಪಕಾರ ಹಕಾರವಾಯಿತು. ತಮಿಳು, ತೆಲುಗು, ಕನ್ನಡಗಳ ಧಾತುಗಳನ್ನು ಪಕ್ಕಪಕ್ಕದಲ್ಲಿಟ್ಟು ಇವು ಒಂದೇ ಕುಟುಂಬದವು ಎಂದು ತೋರಿಸಿದ ಎಲ್ಲಿಸ್ ಎಂಬ ಅಧಿಕಾರಿ ಇದೇ ಮದರಾಸಿನವರು. ಕಂಪನಿಯ ಅಧಿಕಾರಿಗಳಿಗೆ ದೇಶಭಾಷೆ ಕಲಿಸಲು 1812ರಲ್ಲಿ ಆರಂಭವಾದ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನ ಹಿಂದಿದ್ದವರು ಅವರೇ. ಅವರ ವಾದ 1816ರಲ್ಲಿ ಅಚ್ಚಾಯಿತು. ಕಾಲ್ಡ್‌ವೆಲ್ಲರ ಪ್ರಸಿದ್ಧ ಗ್ರಂಥ ಬಂದದ್ದು ಅದಕ್ಕೂ ನಲವತ್ತು ವರ್ಷಗಳ ನಂತರ, 1856ರಲ್ಲಿ.

ಎರಡು ವಾಕ್ಯಗಳು

ಹಾಗಾದರೆ ಹೇಗೆ ಬೇಕಾದರೂ ಬೆರೆಸಬಹುದೇ, ಚಿಂತೆಯೇ ಇಲ್ಲವೇ ಎಂದು ಕೇಳುತ್ತೀರಿ. ನಾನು ನಮ್ಮ ಮನೆಯಲ್ಲಿ ಕೇಳಿದ ಎರಡು ವಾಕ್ಯಗಳನ್ನು ಕೊಡುತ್ತೇನೆ.

ಒಂದು: "ಟ್ರಾಫಿಕ್ಕಲ್ಲಿ ಸ್ಟಕ್ ಆಗ್ಬಿಟ್ಟೆ, ಬಾಸ್‌ಗೆ ಮೆಸೇಜ್ ಮಾಡ್ದೆ."

ಎರಡು: "ಐ ವಾಂಟ್ ಸ್ವಲ್ಪ ಊಟ, ದೆನ್ ಐ ವಿಲ್ ಗೋ ಟು ಅಜ್ಜಿ ಮನೆ."

ಇವುಗಳಲ್ಲಿ ಕನ್ನಡ ವಾಕ್ಯ ಯಾವುದು? ನನ್ನ ಗಂಟೆಯ ಲೆಕ್ಕದಲ್ಲಿ ಮೊದಲನೆಯದಕ್ಕೆ ನಾಲ್ಕು ಸಲ ಬಾರಿಸಬೇಕು. ಆದರೆ ಆ ವಾಕ್ಯದ ಬೆನ್ನುಮೂಳೆ ಕನ್ನಡದ್ದು: 'ಅಲ್ಲಿ', 'ಆಗ್ಬಿಟ್ಟೆ', 'ಗೆ', 'ಮಾಡ್ದೆ'. ಎರಡನೆಯದರಲ್ಲಿ ಸ್ವಲ್ಪ, ಊಟ, ಅಜ್ಜಿ, ಮನೆ ಎಂಬ ಮುದ್ದಾದ ನಾಲ್ಕು ಕನ್ನಡ ಪದಗಳಿವೆ, ಆದರೆ ವಾಕ್ಯ ಇಂಗ್ಲಿಷಿನದು. ಮೊದಲನೆಯದರಲ್ಲಿ ಇಂಗ್ಲಿಷ್ ನಮ್ಮ ಮನೆಗೆ ಬಂದ ಅತಿಥಿ. ಎರಡನೆಯದರಲ್ಲಿ ಕನ್ನಡವೇ ಅತಿಥಿ. ಕೀನ್ಯಾದ ನೈರೋಬಿಯಲ್ಲಿ ಸ್ವಾಹಿಲಿ ಮತ್ತು ಇಂಗ್ಲಿಷ್ ಬೆರೆಸಿ ಆಡುವವರ ಮಾತನ್ನು ಅಭ್ಯಾಸ ಮಾಡಿದ ಮೈಯರ್ಸ್-ಸ್ಕಾಟನ್ ಎಂಬ ವಿದುಷಿ 1993ರ ತಮ್ಮ ಗ್ರಂಥದಲ್ಲಿ ಹೇಳಿದ್ದರ ಸಾರವೂ ಇದೇ. ಬೆರಕೆ ಮಾತಿನಲ್ಲಿ ಚೌಕಟ್ಟು ಯಾವ ಭಾಷೆಯದು ಎಂಬುದನ್ನು ನೋಡಬೇಕು.

ಕುಪ್ವಾಡದ ಮನೆಗಳು

ಚೌಕಟ್ಟೂ ಅಲುಗಿದರೆ? ಅದಕ್ಕೂ ಒಂದು ಉದಾಹರಣೆ ನಮ್ಮ ಗಡಿಯಲ್ಲೇ ಇದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾಡ ಎಂಬ ಊರನ್ನು ಕುರಿತು ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಬರೆದ ಪ್ರಬಂಧ ಜಗತ್ತಿನ ಭಾಷಾವಿಜ್ಞಾನ ತರಗತಿಗಳಲ್ಲೆಲ್ಲ ಹೆಸರಾಗಿದೆ. ಆಗ ಆ ಹಳ್ಳಿಯಲ್ಲಿ ಸುಮಾರು 3,000 ಜನ. ಅಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಇದ್ದವು. ಜೈನರ ಮನೆಯಲ್ಲಿ ಕನ್ನಡ, ಮುಸಲ್ಮಾನರ ಮನೆಯಲ್ಲಿ ಉರ್ದು, ಹೀಗೆ. ಶತಮಾನಗಳ ಒಡನಾಟದಿಂದ ಈ ಭಾಷೆಗಳ ವಾಕ್ಯರಚನೆ ಎಷ್ಟು ಹತ್ತಿರ ಬಂದಿತ್ತೆಂದರೆ ಒಂದರಲ್ಲಿನ ವಾಕ್ಯವನ್ನು ಪದಕ್ಕೆ ಪದ ಇಟ್ಟು ಇನ್ನೊಂದಕ್ಕೆ ತಿರುಗಿಸಬಹುದಾಗಿತ್ತು!

ಇಷ್ಟಾದರೂ ಅಲ್ಲಿ ಕನ್ನಡ ಅಳಿಸಿಹೋಗಿರಲಿಲ್ಲ. ಏಕೆಂದರೆ ಹೊರಗೆ ಎಲ್ಲರೊಡನೆ ಬೆರೆಯಲು ಮರಾಠಿ ಬಳಸಿದರೂ, ಬಾಗಿಲು ದಾಟಿ ಒಳಗೆ ಬಂದರೆ ಮನೆ ಮಾತು ಮನೆ ಮಾತೇ. ಬೆರಕೆಯಿಂದ ಭಾಷೆಯ ರೂಪ ಬದಲಾಗುತ್ತದೆ. ಭಾಷೆ ಕಾಣೆಯಾಗುವುದು ಮನೆಯಲ್ಲಿ ಅದನ್ನು ಆಡುವುದು ನಿಂತಾಗ. ಅಳಿವಿನಂಚಿನ ಭಾಷೆಗಳನ್ನು ಉಳಿಸುವುದು ಹೇಗೆಂದು ಅಮೆರಿಕದ ಫಿಶ್‌ಮನ್ 1991ರಲ್ಲಿ ಬರೆದ ಗ್ರಂಥದ ಮುಖ್ಯ ಮಾತೂ ಇದೇ. ಶಾಲೆ, ಸಂಘ, ಪತ್ರಿಕೆ ಎಲ್ಲ ಬೇಕು, ಆದರೆ ಹಿರಿಯರಿಂದ ಕಿರಿಯರಿಗೆ ಮನೆಯಲ್ಲಿ ಹರಿಯದ ಭಾಷೆಯನ್ನು ಇವು ಹೆಚ್ಚು ದಿನ ಹೊತ್ತು ನಡೆಯಲಾರವು.

ನಮ್ಮ ಮನೆಯ ಕಥೆ

ಇದನ್ನು ನಾನು ಪುಸ್ತಕದಿಂದ ಕಲಿಯುವ ಮೊದಲೇ ಮನೆಯಲ್ಲಿ ಕಲಿಯಬೇಕಿತ್ತು. ಮದುವೆಯಾಗಿ 1994ರಲ್ಲಿ ತೀರ್ಥಹಳ್ಳಿಯಿಂದ ಈ ಊರಿಗೆ ಬಂದೆ. 2002ರಲ್ಲಿ ಮಗ ಯು.ಕೆ.ಜಿ.ಯಲ್ಲಿದ್ದಾಗ ಅವನ ಟೀಚರ್ ನನ್ನನ್ನು ಕರೆಸಿ, "ಹುಡುಗ ಕ್ಲಾಸಿನಲ್ಲಿ ಇಂಗ್ಲಿಷ್ ಮಾತಾಡುವುದಿಲ್ಲ, ಇನ್ನು ಮೇಲೆ ಮನೆಯಲ್ಲೂ ಇಂಗ್ಲಿಷೇ ಮಾತಾಡಿ" ಎಂದರು. ಆಕೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೂ ಒಳಗೊಳಗೆ ಹೆಮ್ಮೆ. ಓದಿದ ಇಂಗ್ಲಿಷ್ ಕೊನೆಗೂ ಉಪಯೋಗಕ್ಕೆ ಬಂತಲ್ಲ! ಅಂದಿನಿಂದ ಅವನು ಕನ್ನಡದಲ್ಲಿ ನೀರು ಕೇಳಿದರೆ, ಇಂಗ್ಲಿಷಿನಲ್ಲಿ ಕೇಳುವವರೆಗೆ ಲೋಟ ಕೊಡುತ್ತಿರಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹೌದು. ಎರಡು ವರ್ಷ ಕಳೆಯುವಷ್ಟರಲ್ಲಿ ಅವನಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಂದ ಬರುತ್ತಿರಲಿಲ್ಲ. ಆಮೇಲೆ ಅದೇ ರೂಢಿಯಾಯಿತು.

2016ರಲ್ಲಿ ನನ್ನ ತಾಯಿ ಹಾಸಿಗೆ ಹಿಡಿದರು. ಎಲ್ಲರೂ ಊರಿಗೆ ಹೋದೆವು. ಅಮ್ಮ ಮೊಮ್ಮಗನ ಕೈ ಹಿಡಿದುಕೊಂಡು, "ಏನಾದ್ರೂ ಮಾತಾಡೋ ಪುಟ್ಟಾ" ಎಂದರು. ಹತ್ತೊಂಬತ್ತು ವರ್ಷದ ಹುಡುಗ ನನ್ನ ಮುಖ ನೋಡಿದ. ಹೇಳಬೇಕೆಂದದ್ದು ಮನಸ್ಸಿನಲ್ಲಿ ಬೇಕಾದಷ್ಟಿತ್ತು, ಹೇಳುವ ಮಾತಿರಲಿಲ್ಲ. ಕೊನೆಗೆ ತನಗೆ ಗೊತ್ತಿದ್ದ ಒಂದೇ ಪೂರ್ಣ ವಾಕ್ಯವನ್ನು ಹೇಳಿದ: "ಅಜ್ಜಿ, ಊಟ ಆಯ್ತಾ?" ಆಗ ಮಧ್ಯಾಹ್ನ ನಾಲ್ಕು ಗಂಟೆ. ಅಮ್ಮ ಅನ್ನ ಬಿಟ್ಟು ಒಂದು ವಾರವಾಗಿತ್ತು. ಅವರು ನಕ್ಕು, "ಆಯ್ತು ಮಗಾ" ಎಂದರು.

ಹಿಂದಿರುಗುವಾಗ ರೈಲಿನಲ್ಲಿ ಅವನು ನನ್ನನ್ನು ಇಂಗ್ಲಿಷಿನಲ್ಲೇ ಕೇಳಿದ, ನೀನು ಯಾಕೆ ನಿಲ್ಲಿಸಿದೆ ಎಂದು. ನನ್ನ ಬಳಿ ಉತ್ತರವಿರಲಿಲ್ಲ.

ಇಂಗ್ಲಿಷಿಗೆ ಕನ್ನಡ ಅಡ್ಡಿಯೇ?

ಆ ಟೀಚರ್ ಹೇಳಿದ್ದು ಸರಿಯೇ ಎಂದು ಈಗ ನೋಡೋಣ. ಮಗುವಿಗೆ ತಿಳಿದಿರುವ ಭಾಷೆಯಲ್ಲಿಯೇ ಶಿಕ್ಷಣ ಆರಂಭವಾಗಬೇಕೆಂದು ಯುನೆಸ್ಕೋ ತಜ್ಞರು 1953ರಲ್ಲೇ ಹೇಳಿದ್ದರು. ಕೆನಡಾದ ಜಿಮ್ ಕಮಿನ್ಸ್ 1979ರಿಂದ ಮಂಡಿಸುತ್ತ ಬಂದ ವಿಚಾರ ಇನ್ನೂ ಸ್ಪಷ್ಟವಾಗಿದೆ. ನೀರಿನ ಮೇಲೆ ಎರಡು ಹಿಮಗಡ್ಡೆಗಳು ಬೇರೆಬೇರೆಯಾಗಿ ಕಂಡರೂ ಕೆಳಗೆ ಒಂದೇ ಬುಡವಿರುವಂತೆ ಎರಡು ಭಾಷೆಗಳು. ಕಥೆಯ ಎಳೆ ಹಿಡಿಯುವುದು, ಕಾರಣ ಕೊಡುವುದು, ಓದಿ ಅರ್ಥ ಮಾಡಿಕೊಳ್ಳುವುದು ಇವನ್ನು ಮಗು ಒಂದು ಭಾಷೆಯಲ್ಲಿ ಕಲಿತರೆ ಇನ್ನೊಂದಕ್ಕೂ ಒದಗುತ್ತವೆ. ನಮ್ಮ ಮಗಳೊಡನೆ ಕನ್ನಡ ಬಿಡಲಿಲ್ಲ. ಅವಳ ಇಂಗ್ಲಿಷ್ ಅಣ್ಣನ ಇಂಗ್ಲಿಷಿಗಿಂತ ಒಂದು ಕೂದಲೂ ಕಡಿಮೆಯಿಲ್ಲ.

ಇಂಗ್ಲಿಷ್ ಕಲಿಕೆಯ ಚರಿತ್ರೆಯಲ್ಲಿ ನಮ್ಮ ಎಗ್ಮೋರಿಗೂ ಒಂದು ಜಾಗವಿದೆ. ಇಲ್ಲಿದ್ದ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆಯನ್ನು 1789ರಲ್ಲಿ ಆಂಡ್ರೂ ಬೆಲ್ ಎಂಬ ಪಾದ್ರಿ ವಹಿಸಿಕೊಂಡರು. ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ಬರೆಯುವುದನ್ನು ಕಂಡು, ಅದನ್ನು ತಮ್ಮ ಶಾಲೆಗೂ ತಂದರು. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸಿದರು. 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿ ಅಚ್ಚಾಗಿ, 'ಮದರಾಸು ಪದ್ಧತಿ' ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಶಾಲೆಗಳಲ್ಲಿ ಹರಡಿತು. ಪದಗಳಂತೆ ಪಾಠದ ಕ್ರಮವೂ ಎರವಲು ಹೋಗುತ್ತದೆ ನೋಡಿ, ಅದೂ ನಮ್ಮ ಬೀದಿಯಿಂದ!

ಅದಕ್ಕೆ ಸುಮಾರು ಎರಡು ನೂರು ವರ್ಷಗಳ ನಂತರ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಅದು 'ಬೆಂಗಳೂರು ಪ್ರಾಜೆಕ್ಟ್' ಎಂದು ಜಗತ್ಪ್ರಸಿದ್ಧವಾಯಿತು. ವ್ಯಾಕರಣದ ನಿಯಮ ಬಾಯಿಪಾಠ ಮಾಡಿಸುವ ಬದಲು, ಮಕ್ಕಳ ಕೈಗೆ ರೈಲ್ವೆ ವೇಳಾಪಟ್ಟಿ ಅಥವಾ ನಕ್ಷೆ ಕೊಟ್ಟು, ಯಾವ ರೈಲು ಹಿಡಿದರೆ ಹೊತ್ತಿಗೆ ಸರಿಯಾಗಿ ತಲುಪಬಹುದು ಎಂಬಂಥ ಸಮಸ್ಯೆ ಬಿಡಿಸಲು ಹೇಳುವುದು. ಮನಸ್ಸು ಅರ್ಥದ ಮೇಲೆ ನಿಂತಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಅವರ ಗ್ರಂಥ ಬಂತು. ಇಂಗ್ಲಿಷಿಗಾಗಿ ಹೇಳಿದ ಈ ಮಾತು ಕನ್ನಡಕ್ಕೂ ಅನ್ವಯಿಸುತ್ತದೆ ಎಂದು ನನಗೆ ತೋರುತ್ತದೆ. ನಾನು ನೀರಿನ ಲೋಟ ಹಿಡಿದಿಟ್ಟುಕೊಂಡು ಇಂಗ್ಲಿಷ್ ಕಲಿಸಲು ಹೋದೆ, ಗಂಟೆ ಹಿಡಿದುಕೊಂಡು ಕನ್ನಡ ಕಲಿಸಲು ಹೋದೆ. ಎರಡೂ ಸಲ ಮಗು ಏನು ಹೇಳಲು ಬಂದಿದೆ ಎಂಬುದನ್ನು ಕೇಳಲೇ ಇಲ್ಲ.

ಒಂದು ಭಾಷೆ ಇನ್ನೊಂದಕ್ಕೆ ಶತ್ರುವಲ್ಲ ಎನ್ನುವುದಕ್ಕೆ ಸಾಕ್ಷಿ ಬೇಕಾದರೆ ದೊಡ್ಡವರನ್ನು ನೋಡಿ. ಬಿ.ಎಂ.ಶ್ರೀ. ಅವರು ಇಂಗ್ಲಿಷ್ ಪ್ರಾಧ್ಯಾಪಕರು, 1926ರ ಅವರ 'ಇಂಗ್ಲಿಷ್ ಗೀತಗಳು' ಹೊಸಗನ್ನಡ ಕಾವ್ಯಕ್ಕೆ ದಾರಿ ತೋರಿಸಿತು. ಮಾಸ್ತಿಯವರ ಮನೆ ಮಾತು ತಮಿಳು, 1914ರಲ್ಲಿ ಇಂಗ್ಲಿಷಿನಲ್ಲಿ ಎಂ.ಎ. ಪಡೆದದ್ದು ಮದರಾಸು ವಿಶ್ವವಿದ್ಯಾಲಯದಿಂದ, ಕಥೆ ಬರೆದದ್ದು ಕನ್ನಡದಲ್ಲಿ.

ನೀವು ಮಾಡಬಹುದಾದದ್ದು

ಉಪದೇಶ ನಿಮಗೆ ಹಿಡಿಸದು, ಆದ್ದರಿಂದ ನಾಲ್ಕೇ ಮಾತು. ಮೊದಲನೆಯದು, ಇಂಗ್ಲಿಷ್ ಪದ ಬಂತೆಂದು ನಿಲ್ಲಬೇಡಿ, ವಾಕ್ಯವನ್ನು ಕನ್ನಡದಲ್ಲಿ ಮುಗಿಸಿ. "ಪ್ರಾಜೆಕ್ಟ್ ಸಬ್‌ಮಿಟ್ ಮಾಡಿ ಬರ್ತೀನಮ್ಮ" ಎಂದರೂ ಅದು ಕನ್ನಡವೇ. ಎರಡನೆಯದು, ಕಡ ತಂದ ಪದ ಮನೆಯ ಪದಗಳನ್ನು ಹೊರಗೆ ಹಾಕದಂತೆ ನೋಡಿಕೊಳ್ಳಿ. ಬಸ್ಸಿಗೆ ನಮ್ಮಲ್ಲಿ ಬೇರೆ ಪದವಿರಲಿಲ್ಲ, ಅದು ಬಂದು ಖಾಲಿ ಜಾಗ ತುಂಬಿತು. ಆದರೆ 'ಆಂಟಿ' ಎಂಬ ಒಂದು ಪದ ದೊಡ್ಡಮ್ಮ, ಚಿಕ್ಕಮ್ಮ, ಸೋದರತ್ತೆ ಮೂವರನ್ನೂ ನುಂಗಿತು. ನನ್ನನ್ನು ಆಂಟಿ ಎನ್ನಿ, ಬೇಸರವಿಲ್ಲ. ನಿಮ್ಮ ತಾಯಿಯ ತಂಗಿಯನ್ನಾದರೂ ಚಿಕ್ಕಮ್ಮ ಎಂದು ಕರೆಯಿರಿ.

ಮೂರನೆಯದು, ಪದ ತಿಳಿಯದಿದ್ದರೆ ಹುಡುಕುವ ರುಚಿ ಬೆಳೆಸಿಕೊಳ್ಳಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಕೋಶವನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದರಾಸು ವಿಶ್ವವಿದ್ಯಾಲಯವೇ 1968ರಿಂದ 1971ರ ನಡುವೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ನೂರು ದಾಟಿ ಬಾಳಿ 2021ರಲ್ಲಿ ತೀರಿಕೊಂಡ ಪ್ರೊ. ಜಿ. ವೆಂಕಟಸುಬ್ಬಯ್ಯನವರು 'ಎರವಲು ಪದಕೋಶ'ವನ್ನೇ ರಚಿಸಿದ್ದಾರೆ. ನಮ್ಮ ಎಗ್ಮೋರಿನ ಕನ್ನೆಮರ ಗ್ರಂಥಾಲಯ 1896ರಲ್ಲಿ ತೆರೆದದ್ದು. ದೇಶದ ಪ್ರಕಾಶಕರು ತಮ್ಮ ಪುಸ್ತಕದ ಪ್ರತಿ ಕಳಿಸಬೇಕೆಂದು 1954ರ ಕಾಯ್ದೆ ಗುರುತಿಸಿದ ನಾಲ್ಕು ಗ್ರಂಥಾಲಯಗಳಲ್ಲಿ ಅದೂ ಒಂದು. ಮ್ಯೂಸಿಯಂ ನೋಡಲು ಹೋದಾಗ ಒಮ್ಮೆ ಅದರೊಳಗೂ ಕಾಲಿಡಿ.

ನಾಲ್ಕನೆಯದೇ ಮುಖ್ಯ. ನಿಮ್ಮ ಮನೆಯಲ್ಲಿ ಅಜ್ಜಿಯೋ ತಾತನೋ ಇದ್ದರೆ, ಊರಲ್ಲಿದ್ದರೆ ಫೋನಿನಲ್ಲಾದರೂ, ದಿನಕ್ಕೆ ಹತ್ತು ನಿಮಿಷ ಅವರೊಡನೆ ಮಾತನಾಡಿ. "ಊಟ ಆಯ್ತಾ?" ಎಂಬಲ್ಲಿಂದ ಆರಂಭಿಸಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ನನ್ನ ಮಗ ಈಗ ತಂಗಿಯೊಡನೆ ತಡವರಿಸುತ್ತ ಕನ್ನಡ ಆಡುತ್ತಾನೆ. ತಪ್ಪು ಬಂದರೂ ನಾನು ಬ್ರೇಕ್ ಹಾಕುವುದಿಲ್ಲ.

ಈ ಸಲದ ರಾಜ್ಯೋತ್ಸವಕ್ಕೆ ಸ್ಪರ್ಧೆಯ ನಿಯಮ ಬದಲಾಯಿಸೋಣ ಎಂದು ಕಾರ್ಯದರ್ಶಿಗಳಿಗೆ ಹೇಳಿದ್ದೇನೆ, ಒಪ್ಪಿದ್ದಾರೆ. ಎರಡು ನಿಮಿಷ, ಯಾವ ಪದವಾದರೂ ಸರಿ, ವಾಕ್ಯ ಕನ್ನಡದಲ್ಲಿ ಮುಗಿಯಬೇಕು. ಗಂಟೆ ಇರುವುದಿಲ್ಲ. ಅಂದು ವೇದಿಕೆ ಇಳಿದು ಹೋದ ಹುಡುಗಿ ಈಗ ಕಾಲೇಜಿನಲ್ಲಿರಬೇಕು. ಇದನ್ನು ಓದುತ್ತಿದ್ದರೆ ಅವಳಿಗೊಂದು ಮಾತು: ನನ್ನದು ತಪ್ಪಾಯಿತಮ್ಮ, ಈ ಸಲ ಬಾ. ಬಸ್ಸಿನಲ್ಲಿ ಏನಾಯಿತು, ಅಜ್ಜಿಗೆ ಕಾಫಿ ಅಂದರೆ ಏನು, ಎರಡನ್ನೂ ಕೇಳುವುದು ಬಾಕಿ ಇದೆ.